ಮಂಡಿ ಮೊಹಲ್ಲಾದ ಉಸ್ತಾದ್, ಊಟಿ ಹತ್ತಿದ ಮ್ಯಾಗ್ನೆಟ್

ನನ್ನ ಹಳೇ ಎಂಜಿ ಮ್ಯಾಗ್ನೆಟ್ ಕಾರನ್ನು ಊಟಿ ಹತ್ತೋ ಹಾಗೆ ಟ್ಯೂನ್ ಮಾಡಿದ್ದಕ್ಕೆ ಈ ಮಿಸ್ತ್ರಿ ತಗೊಂಡ ಕೂಲಿ 3,500 ರೂಪಾಯಿ. ಸಾಮಾನು ನಂದೇ. ಕಾರು ಅಲ್ಲಿದ್ದದ್ದು ಹನ್ನೊಂದು ದಿನ, ಕೆಲಸ ನಡೆದದ್ದು ಒಂದೂವರೆ ದಿನ. ಬಿಲ್ ಕೊಡಲ್ಲ. ಫೋನ್ ಮಾಡಿದರೆ ಎತ್ತಲ್ಲ. ಇಷ್ಟು ಕೇಳಿಯೇ ಕೆಲವರು ಬೇರೆ ಕಡೆ ಹೋಗುತ್ತಾರೆ. ಹೋಗಲಿ, ಸರದಿ ಕಮ್ಮಿ ಆಗುತ್ತೆ. ಉಳಿದವರು ಓದಿ.

ಶೆಡ್ಡು ಇರೋದು ಮೈಸೂರಿನ ಮಂಡಿ ಮೊಹಲ್ಲಾದ ಒಳಗಿನ ಒಂದು ಸಂದಿಯಲ್ಲಿ. ಬೋರ್ಡಿಲ್ಲ. ಬಾಗಿಲಲ್ಲಿ ಮೂರ್ನಾಲ್ಕು ಜಾವಾ, ಯೆಜ್ಡಿ ಬೈಕು ಬಿಚ್ಚಿಕೊಂಡು ನಿಂತಿದ್ದರೆ ಅದೇ ಅಂತ ತಿಳಿಯಿರಿ. ಅವರ ಹೆಸರು ಇಲ್ಲಿ ಬೇಡ, ಎಲ್ಲರೂ ಉಸ್ತಾದ್ ಅಂತಲೇ ಕರೆಯೋದು. ಯಾದವಗಿರಿಯ ಕಾರ್ಖಾನೆಯಲ್ಲಿ ಜಾವಾ ತಯಾರಾಗುತ್ತಿದ್ದ ಕಾಲದಿಂದ ಅದರ ಜಿಕೋವ್ ಕಾರ್ಬ್ಯುರೇಟರ್ (ಎಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡೋ ಭಾಗ) ಬಿಚ್ಚಿ ಬಿಚ್ಚಿ ಕೈ ಪಳಗಿದವರು. ಕಾರು ಮುಟ್ಟೋದು ಮನಸ್ಸು ಬಂದರೆ ಮಾತ್ರ.

ನನ್ನದು 1955ರ ಎಂಜಿ ಮ್ಯಾಗ್ನೆಟ್. ಮಾವನವರಿಂದ ಬಂದದ್ದು. ಇದನ್ನು ವಿಂಟೇಜ್ ಅಂದರೆ ಕಾರಿನ ಪಂಡಿತರು ಮುಖ ಸಿಂಡರಿಸುತ್ತಾರೆ, 1930ಕ್ಕಿಂತ ಹಿಂದಿನವು ಮಾತ್ರ ವಿಂಟೇಜಂತೆ. ನಮ್ಮ ಸರ್ಕಾರದ ಲೆಕ್ಕದಲ್ಲಿ 50 ವರ್ಷ ದಾಟಿದರೆ ವಿಂಟೇಜ್. ಈ ಒಂದು ವಿಷಯದಲ್ಲಿ ನಾನು ಸರ್ಕಾರದ ಕಡೆ. ಒಳಗಿರೋದು 1489 ಸಿಸಿ ಎಂಜಿನ್, ನಮ್ಮ ಹಳೇ ಅಂಬಾಸಿಡರ್‌ನದೇ ವಂಶ. ಹಾಗಾಗಿ ಎಂಜಿನ್ ಸಾಮಾನಿಗೆ ಅಷ್ಟೊಂದು ಪರದಾಟ ಇಲ್ಲ. ಪರದಾಟ ಇರೋದು ಅದರ ಪಕ್ಕ ಕೂತಿರುವ ಎರಡು ಎಸ್‌ಯು ಕಂಪನಿಯ ಕಾರ್ಬ್ಯುರೇಟರ್‌ಗಳದ್ದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಜೋಡಿ ಕಾರ್ಬ್ಯುರೇಟರ್ ಕೆಟ್ಟರೆ ಥೇಟ್ ಅದೇ.

ಹೋದ ಡಿಸೆಂಬರಿನಲ್ಲಿ ಊಟಿಗೆ ಹೊರಟಿದ್ದೆವು. ಹೊರಡೋ ಮುಂಚೆ ಊರಿನ ಒಂದು ಗ್ಯಾರೇಜಿನಲ್ಲಿ ಟ್ಯೂನಿಂಗ್ ಮಾಡಿಸಿದ್ದೆ. ಹೆಸರು ಹೇಳಲ್ಲ, ಎಸಿ ರೂಮು, ಕಾಫಿ ಎಲ್ಲ ಇತ್ತು. ಗೂಡಲೂರುವರೆಗೆ ಕಾರು ಹೇಗೋ ಬಂತು. ಆಮೇಲೆ ಘಾಟಿ ಏರುತ್ತಾ ಏರುತ್ತಾ ಏದುಸಿರು. ಮೂರನೇ ಗೇರಲ್ಲಿ ಎಳೆಯಲ್ಲ, ಎರಡನೆಯದಕ್ಕೆ ಹಾಕಿದರೆ ಹಿಂದೆ ಕಪ್ಪು ಹೊಗೆ. ನಡುವಟ್ಟಂ ಹತ್ತಿರ ಟೀ ಕುಡಿಯೋಣ ಅಂತ ನಿಲ್ಲಿಸಿದವನು ಮತ್ತೆ ಸ್ಟಾರ್ಟ್ ಮಾಡಲಾಗಲಿಲ್ಲ. ಪ್ಲಗ್ ಬಿಚ್ಚಿದರೆ ನಾಲ್ಕೂ ಮಸಿ, ಮುಟ್ಟಿದರೆ ಬೆರಳಿಗೆ ಕಾಡಿಗೆ ಹತ್ತಿದ ಹಾಗೆ. ಮನೆಯವಳು ಎರಡನೇ ಟೀ ಹಿಡಿದುಕೊಂಡು, "ಬಸ್ಸಲ್ಲಿ ಬಂದಿದ್ರೆ ಇಷ್ಟೊತ್ತಿಗೆ ಬೊಟಾನಿಕಲ್ ಗಾರ್ಡನ್ ನೋಡಿ ಮುಗೀತಿತ್ತು, ಅಲ್ವಾ?" ಅಂದಳು. ಪ್ಲಗ್ ಉಜ್ಜಿ, ಇಳಿಜಾರಲ್ಲಿ ತಳ್ಳಿಸಿ, ಅಲ್ಲಿಂದಲೇ ವಾಪಸ್ ಬಂದೆವು.

ನನ್ನದು ಮಂಡ್ಯದ ಕಡೆ ಆಲೆಮನೆ. ಒಲೆಗೆ ಕಬ್ಬಿನ ರಚ್ಚು ಜಾಸ್ತಿ ತುರುಕಿದರೆ ಉರಿ ಏಳಲ್ಲ, ಹೊಗೆ ಏಳುತ್ತೆ. ಗಾಳಿ ಸಾಲದು, ಅಷ್ಟೇ. ಕಾರಿಗೂ ಆಗಿದ್ದು ಅದೇ ಅನ್ನೋದು ನನಗೆ ಹೊಳೆದಿತ್ತು. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್, ಊಟಿ 2,240 ಮೀಟರ್. ಅಲ್ಲಿನ ಗಾಳಿ ಇಲ್ಲಿಗಿಂತ ಸುಮಾರು 14 ಪರ್ಸೆಂಟ್ ತೆಳು. ಪೆಟ್ರೋಲ್ ಮಾತ್ರ ಗಾಳಿ ಕಮ್ಮಿ ಆದಷ್ಟು ಕಮ್ಮಿ ಆಗಲ್ಲ. ಆದರೆ ಅದಕ್ಕೇನು ಮಾಡಬೇಕು, ಎಷ್ಟು ಮಾಡಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ. ನನಗೆ ಒಬ್ಬರು ಹೇಳಿದ್ದರು, ಎಸ್‌ಯು ಕಾರ್ಬ್ಯುರೇಟರ್ ಎತ್ತರಕ್ಕೆ ತಾನೇ ಹೊಂದಿಕೊಳ್ಳುತ್ತೆ, ಕೈ ಹಾಕಲೇಬೇಡಿ ಅಂತ.

ಉಸ್ತಾದ್ ಹತ್ತಿರ ಇದನ್ನು ಹೇಳಿದೆ. ನಗಲಿಲ್ಲ. ಕಾರ್ಬ್ಯುರೇಟರ್ ಮೇಲಿನ ಗುಮ್ಮಟ ಬಿಚ್ಚಿ, ಒಳಗಿನ ಪಿಸ್ಟನ್ನನ್ನು ನನ್ನ ಅಂಗೈಗೆ ಇಟ್ಟರು. ಅದರ ಕೆಳಗೆ ಒಂದು ಸೂಜಿ, ತುದಿಗೆ ಹೋಗುತ್ತಾ ಸಣ್ಣ ಆಗುತ್ತೆ. ಎಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇಳುತ್ತೆ, ಸೂಜಿಯ ಸಣ್ಣ ಭಾಗ ಪೆಟ್ರೋಲ್ ಬರೋ ಜೆಟ್ಟಿನ ತೂತಿಗೆ ಬರುತ್ತೆ, ಪೆಟ್ರೋಲ್ ಜಾಸ್ತಿ ಹೋಗುತ್ತೆ. "ಇದಕ್ಕೆ ಗಾಳಿ ಎಷ್ಟು ಜಾಗ ತುಂಬ್ತು ಅಂತ ಗೊತ್ತಾಗ್ತದೆ ಸಾರ್, ಎಷ್ಟು ತೂಕ ಅಂತ ಗೊತ್ತಾಗಲ್ಲ. ನಿಮ್ ಬೆಲ್ಲ ಬುಟ್ಟಿ ಲೆಕ್ಕದಲ್ಲಿ ಮಾರ್ತೀರಾ, ಕೇಜಿ ಲೆಕ್ಕದಲ್ಲಾ?" ಅಂದರು. ಅಲ್ಲಿಗೆ ನನ್ನ ಬಾಯಿ ಬಂದಾಯಿತು. ಗಾಳಿ ತೆಳುವಾದಷ್ಟೂ ಮಿಶ್ರಣ ದಪ್ಪ ಆಗುವುದು, ಅಂದರೆ ಅದರಲ್ಲಿ ಪೆಟ್ರೋಲ್ ಪಾಲು ಜಾಸ್ತಿ ಆಗುವುದು, ಇದರಲ್ಲೂ ತಪ್ಪೋದಿಲ್ಲ. ಮೈಸೂರಿಂದ ಊಟಿಗೆ ಸುಮಾರು 7 ಪರ್ಸೆಂಟ್‌ನಷ್ಟು.

ಇನ್ನೊಂದು ಮಾತು ಹೇಳಿದರು, ಅದು ನನಗೆ ಹೊಸದು. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಬೇಕು. ಅದೂ ಹತ್ತಿರ ಹತ್ತಿರ 7 ಪರ್ಸೆಂಟೇ. ಅಂದರೆ ಹಳೇ ಕಾಲದ ಸೆಟ್ಟಿಂಗ್ ಇದ್ದಿದ್ದರೆ ಕಾರು ಮೈಸೂರಲ್ಲಿ ಹಸಿದಿರುತ್ತಿತ್ತು, ಊಟಿಯಲ್ಲಿ ಹೊಟ್ಟೆ ಸರಿಯಾಗಿ ತುಂಬುತ್ತಿತ್ತು! ಎಸಿ ಗ್ಯಾರೇಜಿನವರು ಹೊಸ ಪೆಟ್ರೋಲಿಗೆ ಅಂತ ದಪ್ಪ ಮಾಡಿದ್ದರು, ಅದೂ ಅಳತೆ ಮೀರಿ. ಅದರ ಮೇಲೆ ಬೆಟ್ಟ. ಕಬ್ಬು ಬೆಳೆಯೋ ನಾನೇ ಎಥನಾಲನ್ನು ಬೈಯೋ ಹಾಗಿಲ್ಲ, ಆದರೆ ಹಳೇ ರಬ್ಬರ್ ಪೈಪುಗಳನ್ನು ಅದು ತಿಂದುಹಾಕುತ್ತೆ. ಎಲ್ಲ ಬದಲಿಸಿ ಅಂದರು. ಬದಲಿಸಿದೆ.

ಈಗ ಕೆಲಸದ ವಿಷಯ. ಉಸ್ತಾದ್ ಮೊದಲ ಅರ್ಧ ದಿನ ಕಾರ್ಬ್ಯುರೇಟರ್ ಮುಟ್ಟಲೇ ಇಲ್ಲ. ವಾಲ್ವ್ ಸಂದು ನೋಡಿದರು, ಡಿಸ್ಟ್ರಿಬ್ಯೂಟರ್ ಪಾಯಿಂಟ್ ಉಜ್ಜಿ ಗ್ಯಾಪ್ ಇಟ್ಟರು, ಪ್ಲಗ್ ಹೊಸದು ಹಾಕಿದರು, ಟೈಮಿಂಗ್ ನೋಡಿದರು. ಎತ್ತರದಲ್ಲಿ ಟೈಮಿಂಗ್ ಒಂದೆರಡು ಡಿಗ್ರಿ ಮುಂದೆ ಇಟ್ಟರೆ ಲಾಭ ಇದೆಯಂತೆ, ಆದರೆ ವಾಪಸ್ ಬಯಲಿಗೆ ಬಂದಾಗ ಎಂಜಿನ್ ಕುಟ್ಟುತ್ತೆ ಅಂತ ಹಾಗೇ ಬಿಟ್ಟರು. ಇದಾದ ಮೇಲೆ ಎರಡೂ ಕಾರ್ಬ್ಯುರೇಟರ್‌ಗಳ ಪಿಸ್ಟನ್ ನೋಡಿದರು. ಪಿಸ್ಟನ್ ಎತ್ತಿ ಬಿಟ್ಟರೆ ಸರಾಗವಾಗಿ ಇಳಿದು ತಳಕ್ಕೆ "ಟಕ್" ಅಂತ ಬಡಿಯಬೇಕು. ಮುಂದಿನದು ಬಡಿಯಿತು. ಹಿಂದಿನದು ಅರ್ಧಕ್ಕೆ ಇಳಿದು ಉಸ್ಸಪ್ಪಾ ಅಂತ ಕೂತಿತು. ಉಸ್ತಾದ್ ಎರಡನ್ನೂ ಬಿಚ್ಚಿ, ಗುಮ್ಮಟ ಅದಲುಬದಲು ಮಾಡಿ ಹಾಕಿದರು. ಈಗ ಎರಡೂ ಟಕ್, ಟಕ್.

ಗುಮ್ಮಟ, ಪಿಸ್ಟನ್ ಎರಡನ್ನೂ ಕಾರ್ಖಾನೆಯಲ್ಲೇ ಜೊತೆ ನೋಡಿ ಹೊಂದಿಸಿರುತ್ತಾರೆ. ಒಂದರದ್ದು ಇನ್ನೊಂದಕ್ಕೆ ಹಾಕಬಾರದು. ಹಿಂದಿನ ಗ್ಯಾರೇಜಿನವರು ತೊಳೆಯೋವಾಗ ಕಲಸಿಬಿಟ್ಟಿದ್ದರು. ಅದಕ್ಕೆ ನಾನು ಕೊಟ್ಟಿದ್ದು 6,000 ರೂಪಾಯಿ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಜೆಟ್ಟಿನ ಸುತ್ತ ಇರೋ ಕಾರ್ಕ್ ಸೀಲು. ಕಾರು ತಿಂಗಳುಗಟ್ಟಲೆ ನಿಂತರೆ ಒಣಗಿ ಸುಕ್ಕಾಗುತ್ತೆ, ಪೆಟ್ರೋಲ್ ಜಿನುಗುತ್ತೆ. ಇಂಗ್ಲೆಂಡಿಂದ ತರಿಸಿದ ಕಿಟ್ಟಿನ ಸೀಲುಗಳನ್ನು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿಟ್ಟು ಹಾಕಿದರು. ಜೆಟ್ಟನ್ನು ಸೂಜಿಗೆ ಸರಿಯಾಗಿ ನಡುಮಧ್ಯಕ್ಕೆ ಕೂರಿಸೋಕೆ ಪೂರಾ ಎರಡು ಗಂಟೆ ಹಿಡಿಯಿತು. ಹುಡುಗನೊಬ್ಬ ಟೀ ತಂದ, ಆರಿ ಹೋಯಿತು, ಇನ್ನೊಂದು ತಂದ.

ಎಂಜಿನ್ ಬಿಸಿಯಾದ ಮೇಲೆ ಉಸ್ತಾದ್ ಒಂದು ಮೊಳ ರಬ್ಬರ್ ಪೈಪ್ ತೆಗೆದರು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬ್ಯುರೇಟರ್ ಬಾಯಿಗೆ. ಮುಂದಿನದು ಎಷ್ಟು ಬುಸ್ ಅನ್ನುತ್ತೋ ಹಿಂದಿನದೂ ಅಷ್ಟೇ ಬುಸ್ ಅನ್ನಬೇಕು. ಎರಡನ್ನೂ ಜೋಡಿಸೋ ಸರಳಿನ ಕ್ಲಾಂಪ್ ಸಡಿಲ ಮಾಡಿ, ಒಂದೊಂದರ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಕೇಳೋದು. ನನ್ನ ಕಿವಿಗೂ ಕೊಟ್ಟರು. ನನಗೆ ಎರಡೂ ಒಂದೇ ಥರ ಕೇಳಿಸಿತು. "ಇನ್ನೂ ಇಲ್ಲ" ಅಂದರು.

ಮಿಶ್ರಣ ನೋಡೋ ಉಪಾಯ ಚೆನ್ನಾಗಿದೆ, ಮನೆಯಲ್ಲೇ ಮಾಡಬಹುದು. ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರ್‌ನಷ್ಟು ಎತ್ತಬೇಕು. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಸಾಯೋ ಹಾಗಾದರೆ ಕಮ್ಮಿ. ಕ್ಷಣ ಏರಿ ಮತ್ತೆ ಮೊದಲಿನ ಹಾಗಾದರೆ ಸರಿ. ಜೆಟ್ಟಿನ ಕೆಳಗೆ ಆರು ಮುಖದ ನಟ್ಟು ಇದೆ. ಮೇಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಮ್ಮಿ, ಕೆಳಕ್ಕೆ ತಿರುಗಿಸಿದರೆ ಜಾಸ್ತಿ. ಒಂದು ಮುಖ ಅಂದರೆ ಸುತ್ತಿನ ಆರನೇ ಒಂದು ಭಾಗ.

ಮೈಸೂರಿಗೆ ಸರಿಯಾಗಿ ಕೂರಿಸಿ, ಚಾಮುಂಡಿ ಬೆಟ್ಟ ಹತ್ತಿಸಿ ಇಳಿಸಿ ತಂದರು. ಅಷ್ಟು ಎತ್ತರದಲ್ಲಿ ಗಾಳಿಯ ವ್ಯತ್ಯಾಸ ಗೊತ್ತಾಗಲ್ಲ, ಭಾರಕ್ಕೆ ಎಂಜಿನ್ ಹೇಗೆ ಎಳೆಯುತ್ತೆ ಅಂತ ನೋಡೋಕೆ ಅಷ್ಟೇ. ಆಮೇಲೆ ಎರಡೂ ನಟ್ಟಿನ ಮೇಲೆ ಹಳದಿ ಬಣ್ಣದ ಚುಕ್ಕೆ ಇಟ್ಟು, ತೆಳು ಸ್ಪ್ಯಾನರ್ ಒಂದನ್ನು ನನ್ನ ಕೈಗೆ ಕೊಟ್ಟರು. ಗೂಡಲೂರಲ್ಲಿ ನಿಲ್ಲಿಸಿ ಎರಡೂ ನಟ್ಟು ಎರಡೆರಡು ಮುಖ ಮೇಲಕ್ಕೆ. ವಾಪಸ್ ಬರ್ತಾ ಅದೇ ಗೂಡಲೂರಲ್ಲಿ ಎರಡೆರಡು ಮುಖ ಕೆಳಕ್ಕೆ, ಚುಕ್ಕೆಗೆ ಚುಕ್ಕೆ. "ಹತ್ತೋವಾಗ ಮರೆತ್ರೆ ಹೊಗೆ ಅಷ್ಟೇ ಸಾರ್. ಇಳಿಯೋವಾಗ ಮರೆತ್ರೆ ವಾಲ್ವ್ ಸುಟ್ಟೋಗ್ತದೆ."

ಸೂಜಿಯನ್ನೇ ಬದಲಿಸಬೇಕಾ ಅಂತ ಕೇಳಿದೆ. ಆ ನಟ್ಟು ಮುಖ್ಯವಾಗಿ ಐಡ್ಲಿಂಗಿಗೆ, ಕಮ್ಮಿ ವೇಗಕ್ಕೆ ಜಾಸ್ತಿ ಪರಿಣಾಮ ಮಾಡುತ್ತೆ ಅಂತ ನಾನೂ ಓದಿದ್ದೆ. ಎರಡು ದಿನದ ಊಟಿಗೆ ಬೇಡ, ಲೇಹ್ ಕಡೆ ಹೋದರೆ ಬನ್ನಿ ಅಂದರು. ಬೇಡದ ಖರ್ಚು ಮಾಡಿಸದ ಮಿಸ್ತ್ರಿಯನ್ನು ನಾನು ನೋಡಿ ಬಹಳ ವರ್ಷ ಆಗಿತ್ತು.

ಫೆಬ್ರವರಿಯಲ್ಲಿ ಹೊರಟೆವು. ಬಂಡೀಪುರದ ಗೇಟು ಬೆಳಿಗ್ಗೆ 6ಕ್ಕೆ ತೆರೆಯುತ್ತೆ, ಅಷ್ಟೊತ್ತಿಗೆ ಅಲ್ಲಿದ್ದೆವು. ಗೂಡಲೂರಲ್ಲಿ ಬಾನೆಟ್ ಎತ್ತಿ ಎರಡೆರಡು ಮುಖ ತಿರುಗಿಸಿದೆ, ಐದು ನಿಮಿಷದ ಕೆಲಸ. ಡಿಸೆಂಬರಿನಲ್ಲಿ ಎರಡನೇ ಗೇರ್ ಕೇಳಿದ ಕಡೆ ಮೂರನೆಯದರಲ್ಲೇ ಹೋಯಿತು. ನಡುವಟ್ಟಂನಲ್ಲಿ ಬೇಕಂತಲೇ ಅದೇ ಟೀ ಅಂಗಡಿ ಮುಂದೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಟೀ ಕುಡಿದು, ಮತ್ತೆ ಸ್ಟಾರ್ಟ್ ಮಾಡಿದೆ. ಒಂದೇ ಸಲಕ್ಕೆ ಹಿಡಿಯಿತು. ಮನೆಯವಳು ಏನೂ ಅನ್ನಲಿಲ್ಲ, ನನಗೆ ಅಷ್ಟು ಸಾಕು. ಮಾರನೇ ದಿನ 2,637 ಮೀಟರ್ ದೊಡ್ಡಬೆಟ್ಟವನ್ನೂ ಹತ್ತಿಸಿದೆ. ಐಡ್ಲಿಂಗ್ ಸ್ವಲ್ಪ ತೂಗಾಡಿತು, ಹೊಗೆ ಇಲ್ಲ.

ಹಾಗಂತ ಹೊಸ ಕಾರಿನ ಹಾಗೆ ಓಡಿತು ಅಂದುಕೊಳ್ಳಬೇಡಿ. ಹೊಸದರಲ್ಲೇ ಇದಕ್ಕೆ ಇದ್ದದ್ದು 60 ಅಶ್ವಶಕ್ತಿ. ಗಾಳಿ ಕಮ್ಮಿ ಆದಷ್ಟೂ ಶಕ್ತಿ ಕಮ್ಮಿ, ಅದನ್ನು ಯಾವ ಸ್ಪ್ಯಾನರ್ರೂ ವಾಪಸ್ ತರಲ್ಲ. ಇದನ್ನು ಉಸ್ತಾದ್ ಮೊದಲೇ ಹೇಳಿದ್ದರು. ಹಿಂದೆ ಹಾರನ್ ಹೊಡೆಯೋ ಟೆಂಪೋಗಳಿಗೆ ದಾರಿ ಬಿಟ್ಟುಕೊಂಡೇ ಹೋದೆ.

ವಾಪಸ್ ಬರುವಾಗ ಗೂಡಲೂರಲ್ಲಿ ಮರೆತೆ. ಊಟ ಮಾಡಿದ್ದೆ, ಮಾತಿನಲ್ಲಿದ್ದೆ, ಸುಮ್ನೆ ಹೊರಟುಬಿಟ್ಟೆ. ಕಾಡು ದಾಟಿ ಗುಂಡ್ಲುಪೇಟೆ ಹತ್ತಿರ ಬಂದಾಗ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಾನೆಟ್ ಒಳಗಿಂದ ಯಾರೋ ಸೀನಿದ ಹಾಗೆ ಫಟ್ ಫಟ್ ಸದ್ದು. ಮೈ ಜುಂ ಅಂತು. ರಸ್ತೆ ಪಕ್ಕ ಹೊಲದ ಬದುವಿನ ಹತ್ತಿರ ನಿಲ್ಲಿಸಿ ಬಾನೆಟ್ ಎತ್ತಿದೆ. ಕೆಂಡದಂಥ ನಟ್ಟು. ಆರೋವರೆಗೆ ಕಾಯೋ ತಾಳ್ಮೆ ಇಲ್ಲದೆ ಕೈ ಹಾಕಿ ತೋರುಬೆರಳು ಸುಟ್ಟುಕೊಂಡೆ. ಚುಕ್ಕೆಗೆ ಚುಕ್ಕೆ ತಂದು ಮತ್ತೆ ಸ್ಟಾರ್ಟ್ ಮಾಡಿದರೆ ಸೀನು ನಿಂತಿತ್ತು. ವಾಲ್ವಿಗೆ ಏನೂ ಆಗಿಲ್ಲ, ಆಮೇಲೆ ಕಂಪ್ರೆಷನ್ ನೋಡಿಸಿದೆ.

ಸ್ಪ್ಯಾನರ್ ವಾಪಸ್ ಕೊಡೋಕೆ ಹೋದಾಗ ಉಸ್ತಾದ್ ಮೊದಲು ನೋಡಿದ್ದು ನನ್ನ ಬೆರಳು. ಏನೂ ಕೇಳಲಿಲ್ಲ. ಆಮೇಲೆ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರು. ಮೂರು ಪ್ಲಗ್ ಒಳ್ಳೇ ಅಚ್ಚುಬೆಲ್ಲದ ಬಣ್ಣ, ನಮ್ಮ ಆಲೆಮನೆಯಲ್ಲಿ ಅಂಥ ಬಣ್ಣ ಬಂದರೆ ರೇಟು ಕಟ್ಟೋರು ಮಾತಾಡಲ್ಲ. ನಾಲ್ಕನೆಯದು ಸ್ವಲ್ಪ ಕಪ್ಪು.

ದೂರುಗಳೂ ಇವೆ. ಸೀಟಿನ ಚರ್ಮದ ಮೇಲೆ ಗ್ರೀಸಿನ ಹೆಬ್ಬೆಟ್ಟು ಹಾಗೇ ಇದೆ, ಯಾವ ಸೋಪಿಗೂ ಹೋಗಿಲ್ಲ. ಕಾರು ಹನ್ನೊಂದು ದಿನ ಸಂದಿಯಲ್ಲೇ ನಿಂತಿತ್ತು, ಹೊದಿಕೆ ನೀವೇ ಕೊಟ್ಟು ಬರಬೇಕು. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಬಾಗಿಲು ಹಾಕಿರುತ್ತೆ. ಕೂಲಿ ಎಷ್ಟು ಅಂತ ಮೊದಲೇ ಕೇಳಿದರೆ ಹೇಳಲ್ಲ, ನನಗೆ ಕೊನೇ ದಿನವೇ ಗೊತ್ತಾಗಿದ್ದು. ಹಿಂದಿನ ಕಾರ್ಬ್ಯುರೇಟರ್ ಕಾರ್ಕ್ ಸೀಲಿನಲ್ಲಿ ಹೋದ ವಾರದಿಂದ ಮತ್ತೆ ತೇವ ಕಾಣುತ್ತಿದೆ, ಆ ಕಪ್ಪು ಪ್ಲಗ್ಗಿಗೂ ಇದಕ್ಕೂ ಸಂಬಂಧ ಇರಬಹುದು. ಗುರುವಾರ ಬನ್ನಿ ಅಂದಿದ್ದಾರೆ. ಯಾವ ಗುರುವಾರ ಅಂತ ಹೇಳಿಲ್ಲ.