ಕ್ಯೂ ಗಾರ್ಡನ್ಸ್‌ನ ವಾಟರ್‌ಲಿಲಿ ಹೌಸ್: ಬೇಸಿಗೆಯಲ್ಲೇ ಹೋಗಿ

ಲಂಡನ್ನಿಗೆ ಬರುವ ನೆಂಟರನ್ನು ನಾನು ಮೊದಲು ಕರೆದೊಯ್ಯುವುದು ಕ್ಯೂ ಸಸ್ಯೋದ್ಯಾನದ ಈ ವಾಟರ್‌ಲಿಲಿ ಹೌಸ್‌ಗೇ. 1852ರಲ್ಲಿ ಕಟ್ಟಿದ ಪುಟ್ಟ ಗಾಜಿನ ಮನೆ, ನಡುವೆ ದುಂಡನೆಯ ಕೊಳ. ಒಳಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತದೆ; ಮಂಗಳೂರಿನ ಮೇ ತಿಂಗಳ ಸೆಕೆ!

ಕೊಳದ ತುಂಬ ವಿಕ್ಟೋರಿಯಾ ಎಂಬ ದೈತ್ಯ ನೈದಿಲೆಯ ಎಲೆಗಳು. ಮೇಲೆದ್ದ ಅಂಚಿನ ಹೊರಬದಿಯೆಲ್ಲ ಮುಳ್ಳು. ಅಂಚಿನಲ್ಲಿ ಸಣ್ಣ ಸೀಳು ಇರುತ್ತದೆ, ಎಲೆಯ ಮೇಲೆ ಬಿದ್ದ ಮಳೆನೀರು ಹರಿದುಹೋಗಲು. ಅದನ್ನು ಹುಡುಕಿ ನೋಡಿ. 2022ರಲ್ಲಿ ಹೊಸ ಪ್ರಭೇದವೆಂದು ಗುರುತಾದ ವಿಕ್ಟೋರಿಯಾ ಬೊಲಿವಿಯಾನಾ, ಕ್ಯೂ ಗಾರ್ಡನ್ಸ್‌ನ ಒಣಸಸ್ಯ ಸಂಗ್ರಹದಲ್ಲಿ 177 ವರ್ಷ ಗುರುತು ಸಿಗದೆ ಕೂತಿತ್ತು. ಅದರ ಎಲೆ 3 ಮೀಟರ್ ದಾಟುತ್ತದೆ! ಇಂಥ ಗಿಡವನ್ನು ಪ್ರತಿ ವರ್ಷ ಬಟಾಣಿ ಗಾತ್ರದ ಬೀಜದಿಂದ ಹೊಸದಾಗಿ ಬೆಳೆಸುತ್ತಾರೆ. ಬೀಜ ಒಣಗಿದರೆ ಮುಗೀತು. ನೀರಲ್ಲೇ ಇಟ್ಟು, ಬೆಚ್ಚನೆಯ ನೀರಲ್ಲಿ ಮೊಳೆಸಬೇಕು. ಆ ತೋಟಗಾರರ ತಾಳ್ಮೆಗೆ ನನ್ನ ಪೂರ್ತಿ ಅಂಕ.

ಹೂ ಅರಳುವುದು ಸಂಜೆ. ಮೊದಲ ರಾತ್ರಿ ಬಿಳಿ, ಎರಡನೆಯ ರಾತ್ರಿ ಗುಲಾಬಿ. ಹಗಲಲ್ಲಿ ಹೋದವರು ಎಲೆ ನೋಡಿಯೇ ತೃಪ್ತಿಪಡಬೇಕು, ಅದೇ ಸಾಕಷ್ಟಿದೆ.

ಪ್ರತ್ಯೇಕ ಟಿಕೆಟ್ ಬೇಡ, ಕ್ಯೂ ಗಾರ್ಡನ್ಸ್‌ನ ಪ್ರವೇಶ ಟಿಕೆಟ್‌ನಲ್ಲೇ ಸೇರಿದೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಒಳಗಿನ ದಾರಿ ಕಿರಿದು, ಮಕ್ಕಳ ಗಾಡಿ ಇದ್ದರೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ.