ವಿಂಡೋ ಜೋಡಣೆನ ಸಾಫ್ಟ್‌ವೇರ್ ತಾನಾಗೇ ನೆನಪಿಟ್ಕೋಬೇಕಾ? ಗಿಂಪ್, ಇಂಕ್‌ಸ್ಕೇಪ್, ಬ್ಲೆಂಡರ್ ಮೂರನ್ನೂ ಬಳಸಿ ನೋಡಿದ್ಮೇಲೆ

ನಾನು ಡಿಟಿಪಿ ಕೆಲಸ ಮಾಡೋನು. ಮದುವೆ ಕಾರ್ಡು, ಫ್ಲೆಕ್ಸು, ವರ್ಷಕ್ಕೆ ಒಂದೆರಡು ಪುಸ್ತಕದ ಮುಖಪುಟ. ಫೋಟೋ ಕೆಲಸಕ್ಕೆ ಗಿಂಪ್, ಅಕ್ಷರ ಜೋಡಿಸೋಕೆ ಇಂಕ್‌ಸ್ಕೇಪ್, ಈಚೆಗೆ ಮುಖಪುಟಕ್ಕೆ ಅಂತ 3ಡಿ ಮಾಡೆಲ್ ಮಾಡೋ ಬ್ಲೆಂಡರ್ ಕೂಡ ಕಲೀತಿದೀನಿ. ಈ ಮೂರಕ್ಕೂ ಪ್ಯಾನೆಲ್‌ಗಳು ಜಾಸ್ತಿ, ಲೇಯರ್ ಎಲ್ಲಿ, ಕಲರ್ ಎಲ್ಲಿ, ಫಾಂಟ್ ಪಟ್ಟಿ ಎಲ್ಲಿ ಅಂತ ಒಮ್ಮೆ ಕೈಗೆ ಕೂತ್ಬಿಟ್ರೆ ಆಮೇಲೆ ಕಣ್ಣು ಹುಡುಕೋದಿಲ್ಲ, ಕೈಯೇ ಹೋಗತ್ತೆ. ಅದಕ್ಕೇ ಈ ಜೋಡಣೆನ ಯಾರು ನೆನಪಿಟ್ಕೋಬೇಕು, ಯಾವಾಗ ಇಟ್ಕೋಬೇಕು ಅನ್ನೋದು ನನಗೆ ಸಣ್ಣ ವಿಷಯ ಅಲ್ಲ.

ಮೊದ್ಲು ಗಿಂಪ್. ಇದು ಮುಚ್ಚೋವಾಗ ಏನು ಹೇಗಿತ್ತೋ ಹಾಗೇ ಬರ್ಕೊಳ್ಳತ್ತೆ, ನಾವೇನೂ ಹೇಳೋದು ಬೇಡ. ಮುಂಚೆ ಇದು ಬೇಕೇ ಬೇಕಿತ್ತು, ಯಾಕಂದ್ರೆ ಟೂಲ್‌ಬಾಕ್ಸ್ ಬೇರೆ ವಿಂಡೋ, ಚಿತ್ರ ಬೇರೆ ವಿಂಡೋ, ಲೇಯರ್ ಬೇರೆ ವಿಂಡೋ, ಎಲ್ಲಾ ಪರದೆ ತುಂಬಾ ತೇಲ್ತಾ ಇರ್ತಿದ್ವು. 2012ರಲ್ಲಿ 2.8 ಆವೃತ್ತಿ ಬಂದಾಗ ಎಲ್ಲಾ ಒಂದೇ ವಿಂಡೋ ಒಳಗೆ ಇಟ್ಕೊಳ್ಳೋ ವ್ಯವಸ್ಥೆ ಬಂತು, 2018ರ 2.10ರಿಂದ ಅದೇ ಡೀಫಾಲ್ಟ್ ಆಯ್ತು. ಆದ್ರೂ ಪ್ಯಾನೆಲ್ ಜೋಡಣೆ ನೆನಪಿಡೋ ಅಭ್ಯಾಸ ಹಾಗೇ ಉಳೀತು.

ನಾನು ವರ್ಷಗಟ್ಟಲೆ ಹೀಗೇ ಬಳಸಿದೆ, ತೊಂದರೆ ಇರ್ಲಿಲ್ಲ. ಆದ್ರೆ ಅಂಗಡಿಯ ಕಂಪ್ಯೂಟರಲ್ಲಿ ನಾನೊಬ್ನೇ ಕೂರಲ್ಲ, ಬೆಳಗ್ಗೆ ನಾನು, ಸಂಜೆ ಇನ್ನೊಬ್ಬರು, ಲಾಗಿನ್ ಒಂದೇ. ಮದುವೆ ಸೀಸನ್ನಲ್ಲಿ ಒಂದು ಶನಿವಾರ ಗಿರಾಕಿ ಎದುರಿಗೆ ಕೂತಿದಾರೆ, ಪ್ರೂಫ್ ತೋರಿಸ್ಬೇಕು, ಗಿಂಪ್ ತೆಗೆದ್ರೆ ಟೂಲ್‌ಬಾಕ್ಸ್ ಇಲ್ಲ, ಲೇಯರ್ ಇಲ್ಲ, ಬರೀ ಖಾಲಿ ಬೂದು ಪರದೆ. ಕಾಲು ಗಂಟೆ ಮೆನುವೆಲ್ಲಾ ತಡಕಾಡಿದೆ. ಹಿಂದಿನ ದಿನ ಸಂಜೆ ಕೂರೋರು ಫೋಟೋನ ದೊಡ್ಡದಾಗಿ ತೋರಿಸೋಕೆ ಅಂತ ಟ್ಯಾಬ್ ಕೀ ಒತ್ತಿದ್ರಂತೆ, ಗಿಂಪ್‌ನಲ್ಲಿ ಅದು ಎಲ್ಲಾ ಡಾಕ್ (ಪ್ಯಾನೆಲ್‌ಗಳು ಕೂತಿರೋ ಪಟ್ಟಿ) ಮುಚ್ಚಿಡೋ ಕೀ, ಹಾಗೇ ಮುಚ್ಚಿ ಮನೆಗೆ ಹೋಗಿದಾರೆ. ಪ್ರೋಗ್ರಾಂ ಅದನ್ನೂ ನಿಷ್ಠೆಯಿಂದ ಬರ್ಕೊಂಡಿದೆ. ಮತ್ತೆ ಟ್ಯಾಬ್ ಒತ್ತಿದ್ರೆ ಎಲ್ಲಾ ವಾಪಸ್ ಬಂತು. ತಪ್ಪು ಅವರದ್ದೂ ಅಲ್ಲ. ನಾನು ಬೇಕು ಅಂತ ಜೋಡಿಸಿದ್ದು ಯಾವುದು, ಒಂದು ನಿಮಿಷಕ್ಕೆ ಅಂತ ಮಾಡಿದ್ದು ಯಾವುದು ಅಂತ ತಾನಾಗೇ ನೆನಪಿಡೋ ಸಾಫ್ಟ್‌ವೇರ್‌ಗೆ ಗೊತ್ತಾಗೋ ದಾರಿನೇ ಇಲ್ಲ, ಅದಕ್ಕೆ ಕೊನೇದಾಗಿ ಕಂಡಿದ್ದೇ ಸತ್ಯ.

ಅವತ್ತೇ ಪ್ರಿಫರೆನ್ಸಸ್‌ಗೆ ಹೋಗಿ, ವಿಂಡೋ ಮ್ಯಾನೇಜ್‌ಮೆಂಟ್ ಅನ್ನೋ ಪುಟದಲ್ಲಿ 'ಮುಚ್ಚೋವಾಗ ವಿಂಡೋ ಜಾಗ ಉಳಿಸು' ಅನ್ನೋದಕ್ಕಿದ್ದ ಟಿಕ್ ತೆಗೆದೆ. ಅಲ್ಲೇ ಕೆಳಗೆ 'ಈಗಲೇ ಉಳಿಸು' ಅನ್ನೋ ಬಟನ್ ಇದೆ, ಸರಿಯಾಗಿ ಜೋಡಿಸ್ಕೊಂಡು ಅದನ್ನ ಒಂದ್ಸಲ ಒತ್ತಿದೆ. ಅಷ್ಟೇ. ಆಮೇಲೆ ಯಾರು ಏನೇ ಎಳೆದಾಡಿದ್ರೂ ಮುಂದಿನ ಸಲ ತೆಗೆದಾಗ ನಾನು ಉಳಿಸಿದ್ದೇ ಬರತ್ತೆ.

ಇದಕ್ಕೂ ಖರ್ಚಿದೆ, ಮುಚ್ಚಿಡೋದು ಬೇಡ. ಮನೆ ಲ್ಯಾಪ್‌ಟಾಪಲ್ಲಿ ಹೀಗೇ ಮಾಡಿ ನೋಡಿದೆ, ಮುಖಪುಟದ ಕೆಲಸಕ್ಕೆ ಅಂತ ಒಂದು ದಿನ ಪೂರ್ತಿ ಕೂತು ಚೆನ್ನಾಗಿ ಜೋಡಿಸ್ಕೊಂಡಿದ್ದೆ, ಉಳಿಸೋಕೆ ಮರೆತೆ, ಮಾರನೇ ದಿನ ಎಲ್ಲಾ ಹಳೇದು. ಒಬ್ಬರೇ ಬಳಸೋ ಮಷಿನ್ ಆದ್ರೆ ತಾನಾಗೇ ಉಳಿಸೋದೇ ಸುಖ, ದಿನಾ ಸ್ವಲ್ಪ ಸ್ವಲ್ಪ ತಿದ್ಕೊಳ್ತಾ ಹೋದ್ರೆ ಅದೂ ಜೊತೆಗೆ ಬರತ್ತೆ. ಆದ್ರೆ ಇದು ಬರ್ಕೊಳ್ಳೋದು ಸರಿಯಾಗಿ ಮುಚ್ಚಿದಾಗ ಮಾತ್ರ, ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ರೆ ಅವತ್ತಿನ ಜೋಡಣೆ ಹೋಯ್ತು ಅಂತಲೇ.

ಇಂಕ್‌ಸ್ಕೇಪ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಮೂರು ಆಯ್ಕೆ: ಕೊನೇ ವಿಂಡೋ ಅಳತೆ ನೆನಪಿಡು, ಪ್ರತಿ ಫೈಲಿಗೂ ಅದರದ್ದೇ ನೆನಪಿಡು, ನೆನಪೇ ಬೇಡ. ನಡುವಿಂದು ನನಗೆ ತುಂಬಾ ಆಸೆ ಹುಟ್ಟಿಸ್ತು, ಕಾರ್ಡ್ ಉದ್ದ, ಫ್ಲೆಕ್ಸ್ ಅಗಲ, ಎರಡಕ್ಕೂ ಒಂದೇ ಅಳತೆ ಯಾಕೆ ಅಂತ ಒಂದು ತಿಂಗಳು ಹಾಕ್ಕೊಂಡೆ. ಹಳೇ ಗಿರಾಕಿ ಎರಡನೇ ಮಗಳ ಮದುವೆಗೆ ಅಂತ ಬಂದಾಗ ಅವರ ಹಳೇ ಫೈಲ್ ತೆಗೆದ್ರೆ ವಿಂಡೋ ಅವತ್ತು ಬಿಟ್ಟ ಅಳತೆಗೇ ತೆರ್ಕೊಂಡ್ತು, ಖುಷಿ ಆಯ್ತು. ಆದ್ರೆ ಈ ನೆನಪು ಇರೋದು ಎಸ್‌ವಿಜಿ ಫೈಲಿನ, ಅಂದ್ರೆ ಇಂಕ್‌ಸ್ಕೇಪ್ ಚಿತ್ರ ಉಳಿಸೋ ಫೈಲಿನ ಒಳಗೇ. ಟೆಕ್ಸ್ಟ್ ಎಡಿಟರ್‌ನಲ್ಲಿ ತೆಗೆದು ನೋಡಿ, ಮೇಲ್ಗಡೆನೇ ವಿಂಡೋ ಅಗಲ, ಎತ್ತರ, ಪರದೆ ಮೇಲೆ ಎಲ್ಲಿತ್ತು, ಮ್ಯಾಕ್ಸಿಮೈಸ್ ಆಗಿತ್ತಾ ಅನ್ನೋದೆಲ್ಲಾ ಅಂಕಿ ಸಮೇತ ಇರತ್ತೆ. ಅಂಗಡಿಯ 24 ಇಂಚಿನ ಮಾನಿಟರ್ ಅಳತೆ ಮನೆ ಲ್ಯಾಪ್‌ಟಾಪ್‌ಗೆ ಹೊಂದಲ್ಲ. ಇನ್ನೊಂದು, ನಾನು ಮುಖಪುಟಗಳನ್ನ ಗಿಟ್‌ನಲ್ಲಿ (ಫೈಲಿನ ಪ್ರತಿ ಬದಲಾವಣೆನೂ ಲೆಕ್ಕ ಇಡೋ ಸಾಫ್ಟ್‌ವೇರ್) ಇಡ್ತೀನಿ, ಚಿತ್ರದಲ್ಲಿ ಒಂದು ಗೆರೆನೂ ಮುಟ್ಟಿರಲ್ಲ, ವಿಂಡೋ ಸರಿಸಿ ಸೇವ್ ಒತ್ತಿರ್ತೀನಿ, ಅದು ಫೈಲ್ ಬದಲಾಗಿದೆ ಅನ್ನತ್ತೆ. ನನ್ನ ಮೇಜಿನ ಮೇಲೆ ಏನು ಎಲ್ಲಿತ್ತು ಅನ್ನೋದು ಕೆಲಸದ ಒಳಗೆ ಸೇರ್ಬಾರ್ದು ಅಂತ ನನಗನ್ಸೋದು ಇಲ್ಲಿ.

ಬ್ಲೆಂಡರ್ ಕೂಡ ಫೈಲೊಳಗೇ ಇಡತ್ತೆ, ಆದ್ರೆ ಬಾಗಿಲಲ್ಲೇ ಕೇಳತ್ತೆ. ಫೈಲ್ ತೆಗೆಯೋ ಕಡೆ 'ಲೋಡ್ ಯುಐ' ಅನ್ನೋ ಟಿಕ್ ಇದೆ, ಅದನ್ನ ತೆಗೆದ್ರೆ ಮಾಡೆಲ್ ಮಾತ್ರ ಬರತ್ತೆ, ಅದನ್ನ ಮಾಡಿದವರ ಪರದೆ ಜೋಡಣೆ ಬರಲ್ಲ. ನೆಟ್ಟಿಂದ ಇಳಿಸ್ಕೊಂಡ ಫೈಲ್‌ಗಳಿಗೆ ಇದು ದೊಡ್ಡ ಉಪಕಾರ. ನನ್ನದೇ ಜೋಡಣೆ ಪ್ರತಿಸಲ ಬೇಕು ಅಂದ್ರೆ ಫೈಲ್ ಮೆನುವಿನ ಡೀಫಾಲ್ಟ್ಸ್‌ನಲ್ಲಿ 'ಸೇವ್ ಸ್ಟಾರ್ಟಪ್ ಫೈಲ್', ಬೇಕಂತಲೇ ಒತ್ತಬೇಕು. 2019ರ 2.80ರಿಂದ ಮೇಲ್ಗಡೆ ಮಾಡೆಲಿಂಗ್, ಸ್ಕಲ್ಪ್ಟಿಂಗ್ ಅಂತ ಕೆಲಸಕ್ಕೊಂದು ಟ್ಯಾಬ್ ಕೂಡ ಇದೆ. ಮೂರರಲ್ಲಿ ನನಗೆ ಇದೇ ಒಪ್ಪಿಗೆ.

ಆಪರೇಟಿಂಗ್ ಸಿಸ್ಟಂ ಬಗ್ಗೆ ಒಂದೇ ಮಾತು. ಲ್ಯಾಪ್‌ಟಾಪ್‌ಗೆ ಆಗಾಗ ಹೊರಗಿನ ಮಾನಿಟರ್ ಹಾಕಿ ತೆಗೀತೀರಾದ್ರೆ ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ, ಮಾನಿಟರ್ ಕನೆಕ್ಷನ್ ನೋಡಿ ವಿಂಡೋ ಜಾಗ ನೆನಪಿಡೋ ಆಯ್ಕೆ ಇದೆ, ಇಟ್ಕೊಳ್ಳಿ. ಯಾವ್ದೋ ವಿಂಡೋ ಪರದೆಯಿಂದ ಆಚೆ ಹೋಗಿ ಕಾಣ್ದೇ ಇದ್ರೆ ಆಲ್ಟ್ ಟ್ಯಾಬ್‌ನಿಂದ ಅದನ್ನ ಆರಿಸಿ, ವಿಂಡೋಸ್ ಕೀ, ಶಿಫ್ಟ್, ಎಡ ಇಲ್ಲಾ ಬಲ ಬಾಣದ ಕೀ ಮೂರೂ ಒಟ್ಟಿಗೆ ಒತ್ತಿದ್ರೆ ಪಕ್ಕದ ಮಾನಿಟರ್‌ಗೆ ಬರತ್ತೆ.

ನನ್ನ ಮಾತು ಇಷ್ಟು: ವಿಂಡೋ ಎಷ್ಟು ದೊಡ್ಡದಿತ್ತು, ಎಲ್ಲಿತ್ತು, ಇದನ್ನ ತಾನಾಗೇ ನೆನಪಿಡಲಿ, ತಪ್ಪಾದ್ರೂ ಎಳೆದು ಸರಿ ಮಾಡೋಕೆ ಎರಡು ಸೆಕೆಂಡು. ಒಳಗಿನ ಪ್ಯಾನೆಲ್‌ಗಳ ಜೋಡಣೆ ಮಾತ್ರ ನಾನು ಹೇಳಿದಾಗ ಉಳಿಸ್ಲಿ, ಅದನ್ನ ಮತ್ತೆ ಕಟ್ಟೋಕೆ ಅರ್ಧ ಗಂಟೆ ಬೇಕು.

ಅಂಗಡೀಲಿ ಈಗ ಇಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿದೀವಿ, ಗಿಂಪ್ ಈ ಜೋಡಣೆನ ಆಯಾ ಬಳಕೆದಾರರ ಫೋಲ್ಡರಲ್ಲೇ ಇಡೋದ್ರಿಂದ ಒಬ್ಬರದ್ದು ಇನ್ನೊಬ್ಬರಿಗೆ ತಾಗಲ್ಲ. ಅವರಿಗೆ ಲೇಯರ್ ಎಡಗಡೆ ಬೇಕಂತೆ, ಹಾಗೇ ಇಟ್ಕೊಂಡಿದಾರೆ. ನೀವೂ ಹೀಗೆ ಮಾಡೋದಾದ್ರೆ ಒಂದು ಗಮನದಲ್ಲಿರ್ಲಿ, ಗಿಂಪ್‌ನ ಅದೇ ವಿಂಡೋ ಮ್ಯಾನೇಜ್‌ಮೆಂಟ್ ಪುಟದಲ್ಲಿ ಎಲ್ಲಾ ಮೊದಲಿನ ಹಾಗೆ ಮಾಡೋ ರೀಸೆಟ್ ಬಟನ್ ಕೂಡ ಇದೆ, ಅದು ಒತ್ತಿದ ತಕ್ಷಣ ಏನೂ ಆಗಲ್ಲ, ಗಿಂಪ್ ಮುಚ್ಚಿ ಮತ್ತೆ ತೆಗೀಬೇಕು.