ನಾಲ್ಕು ಪುಟ್ಟ ಆಟ, ನಾಲ್ಕು ಬಗೆಯ ಸೋಲು

ಮಳೆಗಾಲದಲ್ಲಿ ನಮ್ಮ ಮೂಡಿಗೆರೆ ಕಡೆ ಒಂದು ಸಿಲ್ವರ್ ಮರ ತಂತಿಯ ಮೇಲೆ ಮಗುಚಿಕೊಂಡರೆ ಎರಡು ಮೂರು ದಿನ ಕರೆಂಟಿನ ಮಾತಿಲ್ಲ. ಕಳೆದ ಜುಲೈನಲ್ಲಿ ಹಾಗೆ ಕತ್ತಲಾದಾಗ ನನ್ನ ಲ್ಯಾಪ್‌ಟಾಪಿನಲ್ಲಿ 70 ಜಿಬಿಯ ಭಾರೀ ಆಟವೊಂದು ಅರ್ಧ ಇಳಿದು ನಿಂತಿತ್ತು. ಅದನ್ನು ಮುಚ್ಚಿಟ್ಟು ಮೊಬೈಲಿನಲ್ಲಿದ್ದ ನಾಲ್ಕು ಪುಟ್ಟ ಆಟಗಳನ್ನು ತೆರೆದೆ. ನಾಲ್ಕಕ್ಕೂ ನೆಟ್‌ವರ್ಕ್ ಬೇಡ, ನಾಲ್ಕನ್ನೂ ಕಲಿಯಲು ಒಂದು ನಿಮಿಷ ಸಾಕು. ಮನೆಯ ಜಗಲಿಯಲ್ಲಿ, ಚಿಕ್ಕಮಗಳೂರಿಗೆ ಹೋಗಿಬರುವ ಬಸ್ಸಿನಲ್ಲಿ ಸುಮಾರು ಆರು ವಾರ ಇವನ್ನೇ ಆಡಿದೆ.

ಇಂತಹ ಆಟದಲ್ಲಿ ಕಲಿಕೆ ಬೇಗ ಮುಗಿಯುತ್ತದೆ, ಉಳಿದ ಹೊತ್ತೆಲ್ಲ ಸೋಲುತ್ತಿರುವುದೇ. ಹಾಗಾಗಿ ಚಿತ್ರ, ಸಂಗೀತ ಇತ್ಯಾದಿಗಳಿಗೆ ಅಂಕ ಕೊಡುವ ಗೋಜಿಗೆ ಹೋಗಲಿಲ್ಲ. ಆಟ ನಮಗೆ ಸೋಲನ್ನು ಹೇಗೆ ಬಡಿಸುತ್ತದೆ ಎಂಬುದನ್ನೇ ನೋಡಿದೆ.

ಮೊದಲನೆಯದು ಸೂಪರ್ ಹೆಕ್ಸಗನ್. ಐರ್ಲೆಂಡಿನ ಟೆರ್ರಿ ಕ್ಯಾವನಾ 2012ರಲ್ಲಿ ಬಿಡುಗಡೆ ಮಾಡಿದ ಆಟ. ಪರದೆಯ ನಡುವೆ ಒಂದು ಷಟ್ಕೋನ, ಅದರ ಸುತ್ತ ತಿರುಗುವ ಒಂದು ಚಿಕ್ಕ ತ್ರಿಕೋನ. ಹೊರಗಿನಿಂದ ಗೋಡೆಗಳು ಒಳಗೆ ನುಗ್ಗಿ ಬರುತ್ತವೆ, ಸಂದು ಹುಡುಕಿ ನುಸುಳಬೇಕು. ಎಡ ಹೆಬ್ಬೆರಳು ಒತ್ತಿದರೆ ಎಡಕ್ಕೆ, ಬಲ ಹೆಬ್ಬೆರಳು ಒತ್ತಿದರೆ ಬಲಕ್ಕೆ. ಇದಿಷ್ಟೇ ಆಟ. ಅತ್ಯಂತ ಸುಲಭದ ಹಂತಕ್ಕೆ ಇಟ್ಟಿರುವ ಹೆಸರೇ 'ಕಷ್ಟ'. ಅದರಾಚೆಗೆ 'ಇನ್ನೂ ಕಷ್ಟ', ಮತ್ತೆ 'ಅತಿ ಕಷ್ಟ'. ಮೊದಲ ದಿನ ನಾನು ಎಂಟು ಸೆಕೆಂಡ್ ದಾಟಲಿಲ್ಲ. ಹತ್ತಕ್ಕೆ ಹೆಣ್ಣುದನಿಯೊಂದು 'ಲೈನ್' ಎನ್ನುತ್ತದೆ, ಇಪ್ಪತ್ತಕ್ಕೆ 'ಟ್ರಯಾಂಗಲ್', ಮೂವತ್ತಕ್ಕೆ 'ಸ್ಕ್ವೇರ್'. ಆ 'ಸ್ಕ್ವೇರ್' ಕೇಳಿಸಿಕೊಳ್ಳಲು ನನಗೆ ಒಂಬತ್ತು ದಿನ ಹಿಡಿಯಿತು. ಕೇಳಿದ ಖುಷಿಗೆ ಬೆರಳು ಮರೆತು ಅಲ್ಲೇ ಗೋಡೆಗೆ ಡಿಕ್ಕಿ ಹೊಡೆದೆ.

ಇಲ್ಲಿ ಸೋಲು ಕೆನ್ನೆಗೆ ಬಿದ್ದ ಏಟಿನಂತೆ. ಉರಿ ಶುರುವಾಗುವ ಮುಂಚೆಯೇ ಮುಂದಿನ ಸುತ್ತು ಆರಂಭವಾಗಿರುತ್ತದೆ, ಬೇಸರ ಪಟ್ಟುಕೊಳ್ಳಲು ಸಮಯವನ್ನೇ ಕೊಡುವುದಿಲ್ಲ. ಆದರೆ ಬಸ್ಸಿಗೆ ಮಾತ್ರ ಇದನ್ನು ಒಯ್ಯಬೇಡಿ. ಆಟದಲ್ಲಿ ಇಡೀ ಪರದೆಯೇ ತಿರುಗುತ್ತಿರುತ್ತದೆ. ಹ್ಯಾಂಡ್‌ಪೋಸ್ಟಿನಿಂದ ಆಲ್ದೂರಿನವರೆಗೆ ರಸ್ತೆಯೂ ತಿರುಗುತ್ತದೆ. ಎರಡೂ ಸೇರಿದ ಒಂದು ಬೆಳಿಗ್ಗೆ ನಾನು ತಿಂದಿದ್ದ ಅಕ್ಕಿರೊಟ್ಟಿಯ ಗತಿ ಏನಾಯಿತೆಂದು ಬರೆಯುವುದಿಲ್ಲ.

ಬಸ್ಸಿಗೆ ಹೇಳಿ ಮಾಡಿಸಿದ್ದು ಡೌನ್‌ವೆಲ್. ಜಪಾನಿನ ಓಜಿರೊ ಫುಮೊಟೊ ಆಪೆರಾ ಗಾಯನ ಕಲಿಯುತ್ತಿದ್ದವನು, ಅದನ್ನು ಬಿಟ್ಟು ಆಟ ಕಟ್ಟಲು ಹೊರಟ. 2015ರಲ್ಲಿ ಇದು ಹೊರಬಂತು. ಒಬ್ಬ ಹುಡುಗ ಬಾವಿಯೊಳಗೆ ಬೀಳುತ್ತಾನೆ, ಅವನ ಬೂಟಿನಡಿ ಬಂದೂಕು. ಎಡ, ಬಲ, ಜಿಗಿತ ಎಂದು ಮೂರೇ ಗುಂಡಿಗಳು. ಗಾಳಿಯಲ್ಲಿರುವಾಗ ಜಿಗಿತದ ಗುಂಡಿ ಒತ್ತಿದರೆ ಗುಂಡು ಕೆಳಕ್ಕೆ ಹಾರುತ್ತದೆ, ಆ ಒದೆತಕ್ಕೆ ಹುಡುಗನ ಬೀಳುವ ವೇಗ ತಗ್ಗುತ್ತದೆ. ನೆಲ ಮುಟ್ಟಿದರೆ ಅಥವಾ ಶತ್ರುವಿನ ತಲೆ ತುಳಿದರೆ ಗುಂಡು ಮತ್ತೆ ತುಂಬಿಕೊಳ್ಳುತ್ತದೆ. ಒಂದೇ ಗುಂಡಿಯಿಂದ ಇಷ್ಟು ಕೆಲಸ ತೆಗೆದ ಜಾಣತನಕ್ಕೆ ತಲೆದೂಗಿದೆ. ಆದರೆ ಇಲ್ಲಿ ಸೋತಾಗ ಪ್ರತಿ ಸಲವೂ 'ನನ್ನ ತಪ್ಪಲ್ಲ, ಆ ಆಮೆ ಎಲ್ಲಿಂದಲೋ ಬಂತು' ಎನಿಸುತ್ತದೆ. ನೆಪ ಹೇಳಲು ಅವಕಾಶ ಕೊಡುವ ಆಟ. ಮೂರು ವಾರಕ್ಕೆ ಬಿಟ್ಟೆ.

ಮಿನಿ ಮೆಟ್ರೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ನ್ಯೂಜಿಲೆಂಡಿನ ಡೈನೋಸಾರ್ ಪೋಲೊ ಕ್ಲಬ್ ಎಂಬ ಸಣ್ಣ ತಂಡದ್ದು. ವೃತ್ತ, ತ್ರಿಕೋನ, ಚೌಕಗಳೇ ನಿಲ್ದಾಣಗಳು. ಗೆರೆ ಎಳೆದು ಜೋಡಿಸಿದರೆ ರೈಲು ಓಡುತ್ತದೆ. ಲಂಡನ್, ಪ್ಯಾರಿಸ್ ಜೊತೆಗೆ ಮುಂಬೈ ಕೂಡ ಇದೆ. ಜನ ಕಿಕ್ಕಿರಿದ ನಿಲ್ದಾಣದ ಸುತ್ತ ಕಪ್ಪು ವೃತ್ತವೊಂದು ನಿಧಾನಕ್ಕೆ ತುಂಬಿಕೊಳ್ಳುತ್ತದೆ, ಅದು ಪೂರ್ಣವಾದರೆ ಆಟ ಮುಗಿಯಿತು. ನೋಡಲು ಚೆಂದ, ಬುದ್ಧಿಗೆ ಕಸರತ್ತು, ಎಲ್ಲ ಸರಿ. ಆದರೆ ಬರುವ ಸೋಲನ್ನು ಅರ್ಧ ನಿಮಿಷ ಮುಂಚೆಯೇ ಕಂಡು ಕೈಕಟ್ಟಿ ಕುಳಿತುಕೊಳ್ಳುವುದು ನನ್ನಂಥ ಅವಸರದವನಿಗೆ ಆಗದು. ಕಚೇರಿಯಲ್ಲಿ ತಿಂಗಳ ಕೊನೆಗೆ ಅನುಭವಿಸುವುದು ಅದನ್ನೇ.

ಇನ್ನು ಡೆಸರ್ಟ್ ಗಾಲ್ಫಿಂಗ್. ಕೆನಡಾದ ಜಸ್ಟಿನ್ ಸ್ಮಿತ್ 2014ರಲ್ಲಿ ಮಾಡಿದ್ದು. ಕೇಸರಿ ಬಣ್ಣದ ಮರಳು, ಒಂದು ಚೆಂಡು, ಒಂದು ಗುಂಡಿ. ಬೆರಳಿನಿಂದ ಹಿಂದಕ್ಕೆ ಎಳೆದು ಬಿಟ್ಟರೆ ಚೆಂಡು ಹಾರುತ್ತದೆ. ಚೆಂಡು ಗುಂಡಿಗೆ ಬಿದ್ದರೆ ಅಲ್ಲಿಂದಲೇ ಮುಂದಿನ ಗುಂಡಿಗೆ ಹೊಡೆತ. ಮೆನು ಇಲ್ಲ, ಸಂಗೀತವಿಲ್ಲ, ಬಹುಮಾನವಿಲ್ಲ. ಮುಖ್ಯವಾಗಿ, ಮೊದಲಿನಿಂದ ಶುರು ಮಾಡುವ ದಾರಿಯೇ ಇಲ್ಲ. ಮೊದಲ ಹೊಡೆತದಿಂದ ಈವರೆಗಿನ ಒಟ್ಟು ಲೆಕ್ಕ ಪರದೆಯ ಮೇಲೆ ಕುಳಿತಿರುತ್ತದೆ. ಹೊರಗೆ ಹೆಂಚಿನಿಂದ ನೀರು ಧಾರೆಯಾಗಿ ಸುರಿಯುತ್ತಿರುವಾಗ, ಕೈಯಲ್ಲಿ ಹನಿ ನೀರಿಲ್ಲದ ಮರುಭೂಮಿ. ಗುಂಡಿಯ ಮೇಲೆ ಗುಂಡಿ ಕಳೆದ ಮೇಲೆ ಎಲ್ಲೋ ಒಂದು ಕಳ್ಳಿಗಿಡ ಕಾಣಿಸಿಕೊಂಡಾಗ ನೆಂಟರು ಬಂದಷ್ಟು ಸಂತೋಷವಾಯಿತು.

ಐವತ್ತರ ಆಸುಪಾಸಿನ ಒಂದು ಗುಂಡಿಯಲ್ಲಿ ನಾನು ಇಪ್ಪತ್ತಾರು ಹೊಡೆತ ಕಳೆದುಕೊಂಡೆ. ಚೆಂಡು ದಿಬ್ಬ ಹತ್ತುತ್ತದೆ, ತುದಿಯಲ್ಲಿ ಯೋಚನೆ ಮಾಡುತ್ತದೆ, ಮತ್ತೆ ನನ್ನ ಕಾಲ ಬುಡಕ್ಕೇ ಉರುಳಿ ಬರುತ್ತದೆ. ಎಲ್ಲರಿಗೂ ಇದೇ ಗುಂಡಿಗಳು ಇದೇ ಕ್ರಮದಲ್ಲಿ ಸಿಗುತ್ತವೆ. ಹಾಸನದಲ್ಲಿರುವ ತಮ್ಮನಿಗೆ ಫೋನ್ ಮಾಡಿ ಕೇಳಿದರೆ, 'ಅದಾ? ಮೂರು ಹೊಡೆತ ಅಣ್ಣ' ಎಂದ. ನೆಟ್‌ವರ್ಕ್ ಹೋಯಿತೆಂದು ಹೇಳಿ ಇಟ್ಟುಬಿಟ್ಟೆ.

ಪಕ್ಕದಲ್ಲಿ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದ ಅಮ್ಮ, 'ಅಷ್ಟು ಜೋರಾಗಿ ಯಾಕೆ ಹೊಡೆಯುತ್ತೀಯೋ, ಇಲ್ಲಿ ಕೊಡು' ಎಂದು ಸೆರಗಿಗೆ ಕೈ ಒರೆಸಿಕೊಂಡು ಮೊಬೈಲ್ ತೆಗೆದುಕೊಂಡರು. ಎರಡನೆಯ ಹೊಡೆತಕ್ಕೆ ಚೆಂಡು ಒಳಗಿತ್ತು. ಮುಂದಿನದನ್ನೂ ತಾವೇ ಆಡಿದರು, ಅದಕ್ಕೆ ಹತ್ತೊಂಬತ್ತು ಹೊಡೆತ. 'ಇದನ್ನು ಅಳಿಸಿ ಹೊಸದಾಗಿ ಮಾಡುವುದು ಎಲ್ಲಿ?' ಎಂದು ಕೇಳಿದರು. ಆಗುವುದಿಲ್ಲ ಅಮ್ಮ ಎಂದೆ. ಒಂದು ಕ್ಷಣ ಪರದೆಯನ್ನೇ ನೋಡಿ, 'ಹಾಗಾದರೆ ಇರಲಿ' ಎಂದು ಮತ್ತೆ ಬೀಜದ ಮೊರ ಎಳೆದುಕೊಂಡರು.

ಸೂಪರ್ ಹೆಕ್ಸಗನ್ ಈಗಲೂ ಮೊಬೈಲಿನಲ್ಲಿದೆ, ಸಿಟ್ಟು ಬಂದ ದಿನ ಐದು ನಿಮಿಷ ಆಡುತ್ತೇನೆ. ಉಳಿದೆರಡನ್ನು ತೆಗೆದುಹಾಕಿದೆ. ಡೆಸರ್ಟ್ ಗಾಲ್ಫಿಂಗ್‌ನಲ್ಲಿ ನಾವೀಗ ಮುನ್ನೂರು ದಾಟಿದ್ದೇವೆ. ಒಟ್ಟು ಲೆಕ್ಕದಲ್ಲಿ ಯಾರ ಹೊಡೆತ ಎಷ್ಟು ಎಂದು ಹೇಳುವುದು ಇನ್ನು ಸಾಧ್ಯವಿಲ್ಲ, ಆದರೆ ಆ ಹತ್ತೊಂಬತ್ತು ಮಾತ್ರ ತಮ್ಮದಲ್ಲ, ನನ್ನವು ಎಂದು ಅಮ್ಮ ತಮ್ಮನ ಮುಂದೆ ಸಾಧಿಸುತ್ತಿದ್ದಾರೆ.